ಬೇಕಕ್ಕ ಮಾಡಿದ ಪಿಟೀಲು

ಆ ಹೆಸರನ್ನು ಇಟ್ಟವರು ಗಿರಾಕಿಗಳು. "ಒಂದು ಬ್ರೆಡ್ ಬೇಕಕ್ಕ", "ನಾಲ್ಕು ಬನ್ ಬೇಕಕ್ಕ" ಎಂದು ಬೆಳಿಗ್ಗೆ ಆರರಿಂದ ಕೌಂಟರಿನ ಮುಂದೆ ನಿಂತು ಕೂಗುವವರ ಬಾಯಿಂದ ಬ್ರೆಡ್ಡೂ ಬನ್ನೂ ಕಾಲಕ್ರಮೇಣ ಉದುರಿಹೋಗಿ ಬೇಕಕ್ಕ ಒಂದೇ ಉಳಿಯಿತು. ಕಾನ್ವೆಂಟಿನಲ್ಲಿ ಓದಿದ ನನಗೆ ಅದರೊಳಗೆ ಇಂಗ್ಲಿಷಿನ 'ಬೇಕ್' ಕೂಡ ಕೇಳಿಸಿ ಹೆಸರು ಇನ್ನಷ್ಟು ರುಚಿಸಿತು. ಅಕ್ಕನಿಗೆ ಮಾತ್ರ ಅಷ್ಟಾಗಿ ಹಿಡಿಸಿರಲಿಲ್ಲ. "ಎಲ್ಲರಿಗೂ ನನ್ನ ಹತ್ರ ಏನೋ ಒಂದು ಬೇಕು. ನಾನೇ ಬೇಕು ಅಂದೋರು ಒಬ್ಬರು. ಅವರೂ ಬಂದಿದ್ದು ನನಗೋಸ್ಕರ ಅಲ್ಲ, ಓವನ್ ಬೆಚ್ಚಗಿದೆ ಅಂತ" ಅನ್ನುತ್ತಿದ್ದರು. ಆ ಒಬ್ಬರು ಅವರ ಗಂಡ, ನಮ್ಮ ಬೀದಿಗೆಲ್ಲ ಪಿಟೀಲು ಮೇಷ್ಟ್ರು.

ನಾನು ಬೇಕರಿಯ ಮೇಲಿನ ಮನೆಯಲ್ಲಿದ್ದೇನೆ. ಓವನ್ ಇರುವುದು ಸರಿಯಾಗಿ ನನ್ನ ಮಂಚದ ಕೆಳಗೆ. ಚಳಿಗಾಲದಲ್ಲಿ ನೆಲ ಬಿಸಿ, ಬೇಸಿಗೆಯಲ್ಲಿ ತಲೆ ಬಿಸಿ. ಅಕ್ಕ ನನ್ನನ್ನು ಕರೆಯುವುದು 'ಮಹಡಿಯವರೇ' ಎಂದು. ಸಿಟ್ಟು ಬಂದಾಗ ಅದು 'ಮಹಡಿ' ಆಗುತ್ತದೆ.

ಬೇಕರಿ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಗಾಜಿನ ಕಪಾಟು, ಬಿಸ್ಕತ್ತಿನ ಜಾಡಿಗಳು, ಒಂದು ಕಾಲು ಗಿಡ್ಡವಾದ ಬೆಂಚು. ಹಿಂದಿನದರಲ್ಲಿ ಓವನ್, ಹಿಟ್ಟು ನಾದುವ ಕಲ್ಲಿನ ಮೇಜು, ಗೋಡೆಗೆ ಒರಗಿಸಿದ ಮೈದಾ ಚೀಲಗಳು. ಅಕ್ಕ ಹತ್ತೊಂಬತ್ತನೇ ವಯಸ್ಸಿಗೆ ಚಿಕ್ಕಮ್ಮನ ಕೈಕೆಳಗೆ ಕೆಲಸ ಕಲಿಯಲು ಈ ಹಿಂದಿನ ಕೋಣೆಗೆ ಬಂದವರು, ಚಿಕ್ಕಮ್ಮ ಹೋದ ಮೇಲೂ ಅಲ್ಲೇ ಉಳಿದರು. ಮೊಣಕೈವರೆಗೆ ಎರಡೂ ಕೈಗಳ ಮೇಲೆ ಅಡ್ಡಡ್ಡ ಸುಟ್ಟ ಗೆರೆಗಳು, ಏಣಿಯ ಮೆಟ್ಟಿಲಿನ ಹಾಗೆ. ಟ್ರೇ ಹೊರಗೆಳೆಯುವಾಗ ಓವನ್ ಬಾಗಿಲು ತಾಗಿ ಆದದ್ದು. ಯಾವ ಗೆರೆ ಯಾವಾಗಿನದು ಎಂದು ಅಕ್ಕ ಹೇಳಬಲ್ಲರು. "ಇದು ಚಿಕ್ಕಮ್ಮ ತೀರಿಕೊಂಡ ವಾರ. ಇದು ನಮ್ಮ ಮದುವೆ ಮಾರನೇ ದಿನ, ಗಮನ ಎಲ್ಲೋ ಇತ್ತು. ಇದು ನಿಮ್ಮಿಂದ, ಮೆಟ್ಟಿಲಿಂದ ಬಿದ್ದು ಬೊಬ್ಬೆ ಹೊಡೆದ್ರಲ್ಲ, ಆವತ್ತು." ನಾವೆಲ್ಲ ದಿನಚರಿಯನ್ನು ಪುಸ್ತಕದಲ್ಲಿ ಬರೆದಿಡುತ್ತೇವೆ. ಅಕ್ಕ ಕೈಬರಹದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ.

ಮೇಷ್ಟ್ರ ಕೈಯ ಕತೆ ಬೇರೆ. ಅವರಪ್ಪ ಬಡಗಿ. ಎಂಟು ವರ್ಷದವರಿದ್ದಾಗ ಅಪ್ಪನ ಗರಗಸಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಅರ್ಧರ್ಧ ಹೋದವು. ಗರಗಸವನ್ನು ಹಾಗೇ ಬಿಟ್ಟು ಹೊರಗೆ ಹೋದದ್ದು ಅಪ್ಪನ ತಪ್ಪು. ಆತ ಒಂದು ತಿಂಗಳು ಯಾರೊಂದಿಗೂ ಮಾತಾಡಲಿಲ್ಲವಂತೆ. ಆಮೇಲೆ ಎಲ್ಲಿಂದಲೋ ಒಂದು ಹಳೆಯ ಪಿಟೀಲು ತಂದು, ಹೊಟ್ಟೆ ಬಿಚ್ಚಿ, ಒಳಗಿನ ಪಟ್ಟಿಯನ್ನು ಈ ಕಡೆಯಿಂದ ಆ ಕಡೆಗೆ ಹಾಕಿ, ಗದ್ದ ಊರುವ ಕಪ್ಪು ಬಟ್ಟಲನ್ನು ಬಲಕ್ಕೆ ಸರಿಸಿ, ತಂತಿಗಳ ಸಾಲನ್ನು ತಿರುಗಿಸಿ ಮಗನ ಕೈಗಿಟ್ಟ. ಲೋಕವೆಲ್ಲ ಎಡಗೈಯಲ್ಲಿ ತಂತಿ ಒತ್ತಿ ಬಲಗೈಯಲ್ಲಿ ಕಮಾನು ಎಳೆದರೆ, ಮೇಷ್ಟ್ರು ಬಲಗೈಯಲ್ಲಿ ಒತ್ತಿ ಎಡಗೈಯ ಉಳಿದ ಬೆರಳುಗಳಲ್ಲಿ ಕಮಾನು ಹಿಡಿದರು. ನಮ್ಮ ಕಾನ್ವೆಂಟಿನಲ್ಲಾಗಿದ್ದರೆ ಸಿಸ್ಟರ್ ಸ್ಕೇಲಿನ ಅಂಚಿನಿಂದ ಗೆಣ್ಣಿಗೆ ನಾಲ್ಕು ಬಿಟ್ಟು ಸರಿಮಾಡುತ್ತಿದ್ದರು. ಪಿಟೀಲಿಗೆ ಕಾನ್ವೆಂಟ್ ಗೊತ್ತಿರಲಿಲ್ಲ, ಅದು ಹಾಡಿತು.

ಬೀದಿಯ ಕೊನೆಯ ಸಂಗೀತ ಶಾಲೆಯಲ್ಲಿ ಅವರು ಮೂವತ್ತು ವರ್ಷ ಪಾಠ ಮಾಡಿದರು. ಎದುರಿಗೆ ಕೂತ ಮಕ್ಕಳಿಗೆ ಅವರು ಕನ್ನಡಿಯಂತೆ ಕಾಣುತ್ತಿದ್ದರು. ಮಗುವಿನ ಎಡಕ್ಕೆ ಅವರ ಬಲ, ಮಗುವಿನ ಬಲಕ್ಕೆ ಅವರ ಎಡ. ಎಡವೋ ಬಲವೋ ಎಂದು ಲೆಕ್ಕ ಹಾಕುವ ಗೋಜೇ ಇಲ್ಲ, ನೋಡಿದ್ದನ್ನು ನೋಡಿದ ಹಾಗೆ ಮಾಡಿದರಾಯಿತು. ಅವರ ಕ್ಲಾಸಿನ ಮಕ್ಕಳು ಬೇಗ ಕಲಿಯುತ್ತಿದ್ದುದರ ಗುಟ್ಟು ಇಷ್ಟೇ. "ನಂದೇನೂ ಇಲ್ಲ, ನಮ್ಮಪ್ಪನ ಗರಗಸದ ಕೃಪೆ" ಅನ್ನುತ್ತಿದ್ದರು ಮೇಷ್ಟ್ರು.

ಒಂದು ಮಳೆಗಾಲದ ಮಧ್ಯಾಹ್ನ ಅವರು ಬನ್ನು ಕೊಳ್ಳಲು ಬಂದು, ಕೋಟಿನೊಳಗಿಂದ ಪಿಟೀಲಿನ ಪೆಟ್ಟಿಗೆ ತೆಗೆದು, "ಇದಕ್ಕೆ ಥಂಡಿ ಆಗಲ್ಲ. ಮಳೆ ನಿಲ್ಲೋವರೆಗೆ ಒಳಗೆ ಎಲ್ಲಾದ್ರೂ ಇಡಬಹುದಾ?" ಎಂದು ಕೇಳಿದರಂತೆ. ಓವನ್ನಿನ ಮೇಲೆ, ತೋಳಿನ ಅಳತೆಯಷ್ಟು ಎತ್ತರದಲ್ಲಿ ಗೋಡೆಗೆ ಹೊಡೆದ ಹಲಗೆಯೊಂದಿದೆ. ಅಂಗೈ ಇಟ್ಟರೆ ಬೆಕ್ಕಿನ ಬೆನ್ನಿನಷ್ಟು ಬೆಚ್ಚಗೆ. ಅಕ್ಕ ಅಲ್ಲಿದ್ದ ಟ್ರೇಗಳನ್ನು ಇಳಿಸಿ ಜಾಗ ಮಾಡಿಕೊಟ್ಟರು. "ಪಿಟೀಲಿಗೆ ಜಾಗ ಕೊಟ್ಟೆ. ಅದರ ಹಿಂದೇನೇ ಮನುಷ್ಯ ಒಳಗೆ ಬಂದು ಕೂತ" ಎಂದು ಅಕ್ಕ ಅವರೆದುರಿಗೇ ಹೇಳುವರು. ಮೇಷ್ಟ್ರು "ಕೂತವನಿಗೆ ಇವಳು ಮೂವತ್ತೆರಡು ವರ್ಷದಿಂದ ಮೈದಾ ಚೀಲ ಎತ್ತಿಸ್ತಿದ್ದಾಳೆ" ಎಂದು ನನಗೆ ದೂರು ಕೊಡುವರು.

ಅಂದಿನಿಂದ ಪ್ರತಿ ಮಳೆಗಾಲಕ್ಕೂ ಪಿಟೀಲಿನ ಮನೆ ಆ ಹಲಗೆ. ಬೆಳಿಗ್ಗೆ ಅಕ್ಕ ಹಿಂದಿನ ಕೋಣೆಗೆ ಬಂದವರೇ ಮೊದಲು ತಲೆಯೆತ್ತಿ ಹಲಗೆ ನೋಡುವರು. ಪೆಟ್ಟಿಗೆ ಇದೆ. ಆಮೇಲೆ ಬಗ್ಗಿ ಗ್ಯಾಸ್ ಹಚ್ಚುವರು. ಓವನ್ ಕಾಯಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಹಿಟ್ಟು ನಾದುವುದು. ಮೂವತ್ತೆರಡು ವರ್ಷ ಇದೇ ಕ್ರಮ.

ನಾಲ್ಕು ವರ್ಷದ ಹಿಂದೆ ಮೇಷ್ಟ್ರಿಗೆ ಮರೆವು ಶುರುವಾಯಿತು. ಮೊದಲು ಶಾಲೆಯ ಮಕ್ಕಳ ಹೆಸರು, ಆಮೇಲೆ ಮನೆಯ ದಾರಿ. ಶಾಲೆಯವರು ತುಂಬ ನಯವಾಗಿ, ಹಾರ ಹಾಕಿ, ಮನೆಗೆ ಕಳಿಸಿದರು. ಕೊನೆಗೆ ಮರೆವು ಅಕ್ಕನ ತನಕ ಬಂತು. ಇಷ್ಟು ವರ್ಷ ಅಕ್ಕನನ್ನು ಅವರು ಕರೆಯುತ್ತಿದ್ದುದು 'ಇವಳೇ' ಎಂದು. ಬೀದಿಯ ಆ ತುದಿಯಿಂದ "ಇವಳೇ" ಎಂದರೆ ಈ ತುದಿಯಲ್ಲಿ ಅಕ್ಕ ತಲೆಯೆತ್ತುತ್ತಿದ್ದರು. ಒಂದು ದಿನ ಚಹಾ ಲೋಟ ಕೈಗೆ ತೆಗೆದುಕೊಂಡು, "ತುಂಬ ಉಪಕಾರ ಆಯ್ತು ಅಮ್ಮಾ. ನೀವು ಚಹಾ ಕುಡಿದ್ರಾ?" ಅಂದರು.

ಅಕ್ಕ ಅದನ್ನು ನನಗೆ ನಗುತ್ತಲೇ ಹೇಳಿದರು. "ಮೂವತ್ತೆರಡು ವರ್ಷ ಆದ್ಮೇಲೆ ನನಗೂ ಮರ್ಯಾದೆ ಬಂತು ನೋಡಿ ಮಹಡಿಯವರೇ. ನೀವು ಅಂತೆ." ಹೇಳಿ ಮುಗಿಸಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಗಿರಾಕಿಗಳಿಗೆ ಬ್ರೆಡ್ ಕೊಟ್ಟವನು ನಾನು.

ಆಮೇಲಿಂದ ಮೇಷ್ಟ್ರ ಪಾಲಿಗೆ ಅಕ್ಕ ಬೇಕರಿಯಮ್ಮ. ಹೆಂಡತಿ ಎಲ್ಲೋ ಹೊರಗೆ ಹೋಗಿದ್ದಾಳೆ, ಇನ್ನೇನು ಬರುತ್ತಾಳೆ, ಅಲ್ಲಿಯವರೆಗೆ ಈ ಒಳ್ಳೆಯ ಹೆಂಗಸು ತನ್ನನ್ನು ನೋಡಿಕೊಳ್ಳುತ್ತಿದ್ದಾಳೆ ಎಂದು ಅವರ ತಿಳುವಳಿಕೆ. ಆದರೆ ಪಿಟೀಲು ಮರೆತಿರಲಿಲ್ಲ. ದಿನಕ್ಕೊಮ್ಮೆ ಪೆಟ್ಟಿಗೆ ತೆಗೆದು, ಬಿರಡೆ ತಿರುಗಿಸಿ, ಶ್ರುತಿ ಮಾಡಿ, ನುಡಿಸದೆ ಒಳಗಿಡುವರು. ಮಳೆ ಬಂದರೆ ಬೆಚ್ಚಗಿನ ಜಾಗದಲ್ಲಿಡಬೇಕು ಎನ್ನುವುದೂ ನೆನಪಿತ್ತು. ಎಲ್ಲಿ ಎಂಬುದೊಂದು ಸ್ವಲ್ಪ ಜರುಗಿತು, ಒಂದು ತೋಳಿನ ಅಳತೆಯಷ್ಟು.

ಹೋದದ್ದರ ಹಿಂದಿನ ಮಳೆಗಾಲದ ಒಂದು ಸಂಜೆ, ಓವನ್ ಆರಿಸಿ ಉಗುರು ಬೆಚ್ಚಗಾದ ಮೇಲೆ, ಮೇಷ್ಟ್ರು ಪಿಟೀಲನ್ನು ಅದರೊಳಗೆ ಮಲಗಿಸಿದರು. ಪೆಟ್ಟಿಗೆ ಓವನ್ ಬಾಯಿಗೆ ಹಿಡಿಸಲಿಲ್ಲ, ಅದಕ್ಕೆ ಪಿಟೀಲನ್ನು ಹೊರತೆಗೆದು, ಖಾಲಿ ಪೆಟ್ಟಿಗೆಯನ್ನು ಮುಚ್ಚಿ, ಅಚ್ಚುಕಟ್ಟಾಗಿ ಹಲಗೆಯ ಮೇಲೆ ಇಟ್ಟರು. ಬೆಳಿಗ್ಗೆ ಅಕ್ಕ ಬಂದರು. ತಲೆಯೆತ್ತಿ ನೋಡಿದರು. ಪೆಟ್ಟಿಗೆ ಇದೆ. ಬಗ್ಗಿ ಗ್ಯಾಸ್ ಹಚ್ಚಿದರು.

ನನ್ನ ನೆಲದಿಂದ ಬಂದ ವಾಸನೆ ಬ್ರೆಡ್ಡಿನದಲ್ಲ. ವಾರ್ನಿಷ್. ಲುಂಗಿ ಸರಿಮಾಡಿಕೊಳ್ಳುತ್ತ ಕೆಳಗಿಳಿದೆ. ಅಕ್ಕ ಓವನ್ ಬಾಗಿಲು ತೆರೆದು ನಿಂತಿದ್ದರು, ಕೈಯಲ್ಲಿ ಬಟ್ಟೆ. ಒಳಗೆ ಪಿಟೀಲಿನ ಅಂಟು ಕರಗಿ ಹೊಟ್ಟೆ ಬೆನ್ನು ಬೇರೆಯಾಗಿದ್ದವು. ಕತ್ತು ಕಪ್ಪಾಗಿತ್ತು. ತಂತಿಗಳು ಸುರುಳಿಯಾಗಿ ಮೂಲೆ ಸೇರಿದ್ದವು. ಅಕ್ಕ ನನ್ನ ಕಡೆ ತಿರುಗಲಿಲ್ಲ. "ಪೆಟ್ಟಿಗೆ ಇತ್ತಲ್ಲ" ಅಂದರು. "ನೋಡಿದೆ. ಪೆಟ್ಟಿಗೆ ಅಲ್ಲೇ ಇದೆಯಲ್ಲ."

ಆವತ್ತು ಬೇಕರಿ ಬಾಗಿಲು ತೆರೆಯಲಿಲ್ಲ. ಒಂಬತ್ತಕ್ಕೆ ಮೇಷ್ಟ್ರು ಚಹಾ ಕುಡಿದು, ಪೆಟ್ಟಿಗೆ ತೆಗೆದು, ಖಾಲಿ ನೋಡಿ, "ಅಮ್ಮಾ, ನನ್ನ ಪಿಟೀಲು?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದರು. ಬರೆದು ಬದುಕುವ ನನಗೆ ಸುಳ್ಳು ಕಸುಬು. "ರಿಪೇರಿಗೆ ಕೊಟ್ಟಿದೆ ಮೇಷ್ಟ್ರೇ. ಕುದುರೆ ಜಾರಿತ್ತು" ಅಂದೆ. ಪಿಟೀಲಿನಲ್ಲಿ ತಂತಿಗಳನ್ನು ಎತ್ತಿ ನಿಲ್ಲಿಸುವ ಪುಟ್ಟ ಮರಕ್ಕೆ ಕುದುರೆ ಎನ್ನುತ್ತಾರೆ. ಮೇಷ್ಟ್ರು ನಕ್ಕರು. "ಕುದುರೆ ಅಂದ್ಮೇಲೆ ಓಡದೆ ಇರತ್ತಾ" ಅಂದರು. ಆ ಒಂದು ನಗುವಿನಿಂದಾಗಿ ನನ್ನ ಸುಳ್ಳು ಆ ಮನೆಯಲ್ಲಿ ಖಾಯಂ ಆಯಿತು.

ಅಂದಿನಿಂದ ದಿನಾ ಒಂಬತ್ತಕ್ಕೆ ಅದೇ ಪ್ರಶ್ನೆ. "ಅಮ್ಮಾ, ಪಿಟೀಲು ರಿಪೇರಿಯಿಂದ ಬಂತಾ?" ಅಕ್ಕ "ನಾಳೆ ಬರತ್ತಂತೆ" ಅನ್ನುವರು. ಒಮ್ಮೆ ಅಂಗಡಿಯಿಂದ ಹೊಸದೊಂದು ಪಿಟೀಲು ತಂದು ಪೆಟ್ಟಿಗೆಯಲ್ಲಿಟ್ಟರು. ಮೇಷ್ಟ್ರು ತೆಗೆದು, ಎರಡು ಕ್ಷಣ ನೋಡಿ, ಬಹಳ ವಿನಯದಿಂದ ವಾಪಸು ಕೊಟ್ಟರು. "ಇದು ಯಾರದೋ ಬಲಗೈಯವರದು. ಅವರು ಹುಡುಕ್ತಿರ್ತಾರೆ, ಪಾಪ."

"ನಾನು ಅವರಿಗೆ ಹೇಳ್ಬೇಕು ಮಹಡಿಯವರೇ" ಎಂದು ಅಕ್ಕ ಒಂದು ದಿನ ಬಿಸ್ಕತ್ತು ತುಂಬುತ್ತ ಅಂದರು.

"ಹೇಳಿ ಏನಾಗ್ಬೇಕು ಅಕ್ಕ? ಮಧ್ಯಾಹ್ನದ ಹೊತ್ತಿಗೆ ಮರೀತಾರೆ."

"ಬೇಕರಿಯಮ್ಮ ಹೇಳಿದ್ರೆ ಮರೀತಾರೆ. ನಾನು ಹೇಳ್ಬೇಕು. ಒಂದು ಸಲ ನನ್ನ ಗುರುತು ಹಿಡೀಲಿ, ಇವಳೇ ಅನ್ಲಿ, ಆ ನಿಮಿಷಕ್ಕೆ ಹೇಳ್ಬಿಡ್ತೀನಿ. ಬೈಲಿ. ನನ್ನ ಬೈಯೋಕಾದ್ರೂ ನಾನು ಯಾರು ಅಂತ ಗೊತ್ತಿರಬೇಕಲ್ಲ." ಜಾಡಿಯ ಮುಚ್ಚಳ ತಿರುಗಿಸಿದರು. "ಅವರು ಅವರಾಗಿರೋವಾಗಲೇ ಹೇಳ್ಬೇಕು. ದಿನ ಹೋಗ್ತಾ ಇದೆ."

ಬೇಸಿಗೆ ಮುಗಿಯುತ್ತ ಬಂದಾಗ ಸಂಗೀತ ಶಾಲೆಯ ಪಿಯಾನೋ ಮೇಡಂ ಬೇಕರಿಗೆ ಬಂದರು. ಈಗ ಶಾಲೆ ನಡೆಸುವವರು ಅವರು. ಚಿಕ್ಕಂದಿನಲ್ಲಿ ಆರು ವರ್ಷ ಮೇಷ್ಟ್ರ ಹತ್ತಿರ ಪಿಟೀಲು ಕಲಿತು, ಆಮೇಲೆ ಪಿಯಾನೋಕ್ಕೆ ಹಾರಿದವರು. ಪಿಟೀಲು ಸುಟ್ಟ ವಿಷಯ ಅವರಿಗೆ ಗೊತ್ತಿರಲಿಲ್ಲ, ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ಹಿತ್ತಲಲ್ಲಿ ಪ್ರತಿ ವರ್ಷ ಮಕ್ಕಳ ಬೇಸಿಗೆ ಸಂಭ್ರಮ ನಡೆಯುತ್ತದೆ. "ಈ ಸಲ ಪಿಟೀಲಿನ ಆಕಾರದ ಕೇಕ್ ಬೇಕಕ್ಕ" ಅಂದರು. "ಮೇಷ್ಟ್ರನ್ನೂ ಕರ್ಕೊಂಡು ಬನ್ನಿ. ಮಕ್ಕಳು ನೋಡ್ಲಿ."

ಅಕ್ಕ ಅಲ್ಲಿಯವರೆಗೆ ಆನೆಯ ಕೇಕ್ ಮಾಡಿದ್ದರು, ರೈಲಿನದು ಮಾಡಿದ್ದರು, ಒಬ್ಬ ದಂತವೈದ್ಯರಿಗೆ ದವಡೆ ಹಲ್ಲಿನದೂ ಮಾಡಿದ್ದರು. ಪಿಟೀಲು ಮಾಡಿರಲಿಲ್ಲ. ಪಿಯಾನೋ ಮೇಡಂ ಹೋದ ಮೇಲೆ ಹಲಗೆಯಿಂದ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಕಲ್ಲಿನ ಮೇಜಿನ ಮೇಲಿಟ್ಟು ತೆರೆದರು. ಒಳಗಿನ ಮಖಮಲ್ಲಿನಲ್ಲಿ ಪಿಟೀಲು ಮಲಗಿದ್ದ ಗುಂಡಿ ಹಾಗೇ ಇತ್ತು. ಅದರ ಮೇಲೆ ಬಟರ್ ಪೇಪರ್ ಹಾಸಿ, ಬೆರಳಿನಿಂದ ಅಂಚು ಒತ್ತಿ, ಪೆನ್ಸಿಲಿನಿಂದ ಗೆರೆ ಎಳೆದರು. ಕಾಗದ ಎತ್ತಿ ಬೆಳಕಿಗೆ ಹಿಡಿದಾಗ ನಮ್ಮಿಬ್ಬರ ಮಧ್ಯೆ ಪಿಟೀಲು ನಿಂತಿತ್ತು, ಒಳಗೇನೂ ಇಲ್ಲದ ಪಿಟೀಲು.

"ನೋಡಿದ್ರೆ ಗೊತ್ತಾಗತ್ತೆ ಅವರಿಗೆ" ಅಂದರು ಅಕ್ಕ. "ಬೇರೆ ಯಾರದೋ ಆದ್ರೆ ಗೊತ್ತಾಗಲ್ಲ. ಅವರದೇ ಆಗ್ಬೇಕು."

ಸ್ಪಂಜ್ ಹಿಂದಿನ ದಿನವೇ ಬೇಯಿಸಿಟ್ಟರು, ಬಿಸಿಯದನ್ನು ಕೊಯ್ದರೆ ಪುಡಿಯಾಗುತ್ತದೆ. ಎರಡು ಹಾಳೆ ಸ್ಪಂಜಿನ ನಡುವೆ ಜಾಮ್, ಹೊಟ್ಟೆಯ ಉಬ್ಬಿಗೆ ಬೆಣ್ಣೆ ಕ್ರೀಮ್. ಕತ್ತಿಗೆ ಸ್ಪಂಜ್ ನಿಲ್ಲುವುದಿಲ್ಲ, ಅದಕ್ಕೆ ಗಟ್ಟಿ ಬಿಸ್ಕತ್ತು. ತಂತಿಗೆ ನೈಲಾನ್ ದಾರ ಹಾಕಿ ಎಂದು ನಾನು ಸಲಹೆ ಕೊಟ್ಟೆ. "ತಿನ್ನೋದ್ರಲ್ಲಿ ತಿನ್ನಕ್ಕಾಗದ್ದು ಇರಬಾರದು. ಚಿಕ್ಕಮ್ಮ ಇದ್ದಿದ್ರೆ ನಿಮ್ಮ ಕಿವಿ ಹಿಂಡಿರೋರು" ಅಂದರು. "ಪಿಟೀಲಿಗೆ ಕಿವಿ ಹಿಂಡಿದ್ರೇ ಶ್ರುತಿ ಬರೋದಲ್ವಾ ಅಕ್ಕ" ಅಂದೆ. "ನಿಮಗೆ ಬರಲ್ಲ ಬಿಡಿ" ಅಂದರು. ಬಹಳ ದಿನದ ಮೇಲೆ ನಕ್ಕಿದ್ದರು.

ಕಷ್ಟವಾದದ್ದು ಬಣ್ಣ. ಅಕ್ಕ ಡಬ್ಬಿಯ ಬಣ್ಣ ಮುಟ್ಟುವವರಲ್ಲ. ಆ ಪಿಟೀಲಿನ ಕೆಂಪುಗಂದು ಬರಬೇಕಾದರೆ ಸಕ್ಕರೆಯನ್ನು ಸುಡಬೇಕು. ಹೊಂಬಣ್ಣ ದಾಟಿ, ಕೆಂಪು ದಾಟಿ, ಕಪ್ಪಾಗುವುದಕ್ಕೆ ಒಂದು ಉಸಿರು ಮುಂಚೆ ಇಳಿಸಬೇಕು. ನಲವತ್ತು ವರ್ಷ ಕಣ್ಣು ಮುಚ್ಚಿ ಮಾಡಿದ ಕೆಲಸ. ಆ ದಿನ ಬಾಣಲೆಯಲ್ಲಿ ಸಕ್ಕರೆ ಆಗಷ್ಟೇ ಜೇನಿನ ಬಣ್ಣಕ್ಕೆ ಬಂದಿದೆ ಎನ್ನುವಾಗಲೇ ಅಕ್ಕ ಗ್ಯಾಸ್ ಆರಿಸಿದರು. ಎರಡನೇ ಸಲವೂ ಹಾಗೇ. "ಕೈ ತಾನಾಗೇ ಆರಿಸ್ತಿದೆ" ಎಂದು ತಮ್ಮ ಕೈಯನ್ನೇ ಬೇರೆಯವರದೆಂಬಂತೆ ನೋಡಿಕೊಂಡರು.

ಮೂರನೇ ಸಲ ಬಾಣಲೆ ಇಟ್ಟಾಗ ಮೇಷ್ಟ್ರು ಮೈದಾ ಚೀಲದ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸಕ್ಕರೆ ಕರಗಿತು, ಹೊಂಬಣ್ಣವಾಯಿತು. ಅಕ್ಕನ ಕೈ ಗ್ಯಾಸಿನ ಗುಂಡಿಗೆ ಹೋಯಿತು.

"ಇನ್ನೂ ಸ್ವಲ್ಪ ಬಿಡಿ ಅಮ್ಮಾ" ಅಂದರು ಮೇಷ್ಟ್ರು.

ಅಕ್ಕ ಕೈ ಹಿಂದಕ್ಕೆಳೆದುಕೊಂಡರು. ಸಕ್ಕರೆ ಕೆಂಪಾಯಿತು.

"ಇನ್ನೂ ಸ್ವಲ್ಪ."

ಹೊಗೆಯ ಎಳೆಯೊಂದು ಎದ್ದಿತು. "ಹಾಂ. ಸಾಕು" ಅಂದರು. ಅಕ್ಕ ಇಳಿಸಿ ನೀರು ಹಾಕಿದರು. ಬಾಣಲೆಯಲ್ಲಿದ್ದ ಬಣ್ಣ ನನಗೆ ಚೆನ್ನಾಗಿ ಗೊತ್ತಿದ್ದ ಬಣ್ಣ, ಮೂವತ್ತು ವರ್ಷ ಸಂಜೆ ಮೆಟ್ಟಿಲಿನ ಮೇಲೆ ಕೂತು ಮೇಷ್ಟ್ರು ನುಡಿಸುವಾಗ ನೋಡಿದ್ದು. ಮೇಷ್ಟ್ರು ಆಗಲೇ ಕಿಟಕಿಯ ಕಡೆ ತಿರುಗಿದ್ದರು. ಅಕ್ಕ ನನ್ನನ್ನು ನೋಡಿದರು, ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಮುಖ. "ಗೊತ್ತಾಯ್ತು ನೋಡಿ ಅವರಿಗೆ" ಎಂದು ಪಿಸುಗುಟ್ಟಿದರು.

ಉಳಿದ ಕೆಲಸವನ್ನು ಆ ಹುರುಪಿನಲ್ಲೇ ಮಾಡಿದರು. ಗದ್ದದ ಕಪ್ಪು ಬಟ್ಟಲನ್ನು ಚಾಕೊಲೇಟಿನಲ್ಲಿ ಮಾಡಿ ಬಲಕ್ಕೆ ಕೂರಿಸಿದರು. ಐಸಿಂಗಿನಲ್ಲಿ ನಾಲ್ಕು ತಂತಿ ಎಳೆದರು, ದಪ್ಪನೆಯದು ಬಲಕ್ಕೆ, ತೆಳ್ಳನೆಯದು ಎಡಕ್ಕೆ. ಸೊಂಟದ ಹತ್ತಿರ ಕಮಾನು ತಾಗಿ ತಾಗಿ ಚೂರು ಎದ್ದುಹೋದ ಜಾಗವಿತ್ತು, ಅದನ್ನು ಚಮಚದ ತುದಿಯಿಂದ ಕೆತ್ತಿದರು. ಭುಜದ ಹತ್ತಿರ ಮೇಷ್ಟ್ರ ಅಂಗೈ ಉಜ್ಜಿ ವಾರ್ನಿಷ್ ಸವೆದ ಜಾಗವಿತ್ತು, ಅಲ್ಲಿ ಒದ್ದೆ ಬೆರಳಾಡಿಸಿ ಬಣ್ಣ ತೆಳುಮಾಡಿದರು. ನನಗೆ ಮರೆತೇಹೋಗಿದ್ದ ಗುರುತುಗಳು. ಅಕ್ಕ ಯಾವುದನ್ನೂ ಬರೆದಿಟ್ಟುಕೊಂಡಿರಲಿಲ್ಲ.

ಸಂಭ್ರಮದ ದಿನ ಬೆಳಿಗ್ಗೆ ಹತ್ತಕ್ಕೆ, ಬಿಸಿಲು ಏರುವ ಮುಂಚೆ, ಕೇಕನ್ನು ಉದ್ದನೆಯ ಬೇರೊಂದು ಹಲಗೆಯ ಮೇಲಿಟ್ಟು ನಾನೂ ಅಕ್ಕನೂ ಎರಡು ತುದಿ ಹಿಡಿದು ಶಾಲೆಯವರೆಗೆ ನಡೆದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿಂದೆ ಬಂದರು. ಬೀದಿಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ಯಾರು ಹೋಗಿದ್ದು?" ಎಂದು ಸೈಕಲ್ ರಿಪೇರಿಯವನು ತಮಾಷೆ ಮಾಡಿದ. ಬೇರೆ ದಿನವಾದರೆ ಅಕ್ಕ ಅವನಿಗೆ ಒಂದು ವಾರಕ್ಕಾಗುವಷ್ಟು ಉತ್ತರ ಕೊಡುತ್ತಿದ್ದರು. ಆವತ್ತು ಹಲಗೆಯ ತುದಿ ಬಿಗಿಯಾಗಿ ಹಿಡಿದು ಮುಂದೆ ನೋಡುತ್ತ ನಡೆದರು.

ಶಾಲೆಯ ಹಿತ್ತಲಲ್ಲಿ ಮರದ ನೆರಳಿಗೆ ಉದ್ದನೆಯ ಮೇಜು ಹಾಕಿದ್ದರು. ಮಕ್ಕಳು ಬಣ್ಣಬಣ್ಣದ ಟೋಪಿ ಹಾಕಿಕೊಂಡು ತಮ್ಮ ತಮ್ಮ ವಾದ್ಯಗಳನ್ನು ಹಿಂಸಿಸುತ್ತಿದ್ದರು. ಕೇಕ್ ಇಳಿಸಿದ ಕೂಡಲೇ ಗುಂಪು ಸೇರಿತು. ಶಾಲೆಗೆ ಹೊಸದಾಗಿ ಬಂದ ಪಿಟೀಲು ಮೇಷ್ಟ್ರು, ಒಳ್ಳೆಯ ಮನುಷ್ಯ, ಬಗ್ಗಿ ನೋಡಿ, "ತುಂಬ ಚೆನ್ನಾಗಿದೆ. ಆದ್ರೆ ಉಲ್ಟಾ ಆಗಿದೆ ಅಕ್ಕ. ದಪ್ಪ ತಂತಿ ಈ ಕಡೆ ಬರಬೇಕಿತ್ತು" ಅಂದರು. ಹಿಂದಿನಿಂದ ಯಾರೋ "ಎಡವಟ್ಟಾಯ್ತು" ಎಂದು ನಕ್ಕರು. ಹೊಸ ಮೇಷ್ಟ್ರು "ಐಸಿಂಗ್ ಇದ್ರೆ ಕೊಡಿ, ಎರಡು ನಿಮಿಷದಲ್ಲಿ ಸರಿ ಮಾಡೋಣ" ಎಂದು ತೋಳು ಮಡಿಸಿದರು.

"ಮುಟ್ಬೇಡಿ" ಅಂದರು ಪಿಯಾನೋ ಮೇಡಂ. ಕೇಕನ್ನೇ ನೋಡುತ್ತಿದ್ದರು. "ಆರು ವರ್ಷ ಎದುರು ಕೂತು ನೋಡಿದೀನಿ. ಸರಿಯಾಗೇ ಇದೆ." ಆಮೇಲೆ ಅಕ್ಕನ ಮುಖ ಒಮ್ಮೆ ನೋಡಿ, ಮಕ್ಕಳನ್ನೂ ಹೊಸ ಮೇಷ್ಟ್ರನ್ನೂ ಅತ್ತ ಕರೆದುಕೊಂಡು ಹೋದರು.

ಮೇಜಿನ ಹತ್ತಿರ ನಾವು ಮೂವರೇ ಉಳಿದೆವು. ಮೇಷ್ಟ್ರು ಕೇಕನ್ನು ಬಹಳ ಹೊತ್ತು ನೋಡಿದರು.

"ಎಡಗೈಯವರದು" ಅಂದರು. "ನನ್ನ ಹಾಗೆ ಇನ್ನೊಬ್ಬರಿದ್ದಾರೆ ಅಂತ ಗೊತ್ತಿರ್ಲಿಲ್ಲ."

"ಸರಿಯಾಗಿ ನೋಡಿ ರೀ" ಅಂದರು ಅಕ್ಕ. "ನಿಮ್ದೇ."

ಮೇಷ್ಟ್ರು ಬಗ್ಗಿದರು. ವಾರ್ನಿಷ್ ಸವೆದ ಜಾಗದ ಮೇಲೆ ಬಲಗೈ ತಂದು, ಮುಟ್ಟದೆ, ಹಾಗೇ ಹಿಡಿದರು. ಕೈ ಆ ಜಾಗಕ್ಕೆ ಸರಿಯಾಗಿ ಕೂರುತ್ತಿತ್ತು. ಮೇಷ್ಟ್ರು ತಲೆಯೆತ್ತಿ ಅಕ್ಕನ ಮುಖ ನೋಡಿದರು, ಕೆನ್ನೆಯ ಮೇಲಿನ ಹಿಟ್ಟನ್ನು, ಕೈಯ ಮೇಲಿನ ಗೆರೆಗಳನ್ನು ನೋಡಿದರು.

"ನಂದು ರಿಪೇರಿಗೆ ಹೋಗಿತ್ತಲ್ಲ ಅಮ್ಮಾ" ಅಂದರು. "ಬಂತಾ?"

ಹೌದು ಎಂದುಬಿಡಲಿ ಎಂದು ನಾನು ಬಯಸಿದೆ. ನಾನು ಹುಟ್ಟಿಸಿದ ಸುಳ್ಳಿಗೆ ಅದಕ್ಕಿಂತ ಒಳ್ಳೆಯ ಮುಕ್ತಾಯ ಸಿಗುವ ಹಾಗಿರಲಿಲ್ಲ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡರು.

"ಇಲ್ಲ. ಅದು ಬರಲ್ಲ. ರಿಪೇರಿಗೆ ಹೋಗೇ ಇರ್ಲಿಲ್ಲ. ಮಳೆಗಾಲದಲ್ಲಿ ಒಂದಿನ ಓವನ್ ಒಳಗಿತ್ತು. ನಾನು ಒಳಗೆ ನೋಡದೆ ಹಚ್ಬಿಟ್ಟೆ. ಸುಟ್ಟುಹೋಯ್ತು. ನಾನೇ ಸುಟ್ಟಿದ್ದು."

ಒಳಗೆ ಇಟ್ಟವರು ಯಾರು ಎಂಬುದನ್ನು ಹೇಳಲಿಲ್ಲ.

ಮೇಷ್ಟ್ರ ಎಡಗೈಯ ಅರ್ಧ ಬೆರಳುಗಳು ಒಂದಕ್ಕೊಂದು ಉಜ್ಜಿಕೊಂಡವು. ನುಡಿಸಲು ಶುರುಮಾಡುವ ಮುಂಚೆ ಅವರು ಹಾಗೆ ಮಾಡುತ್ತಿದ್ದರು. "ಪೂರ್ತಿನಾ?" ಎಂದು ಕೇಳಿದರು.

"ಪೂರ್ತಿ."

"ನಮ್ಮಪ್ಪ ಮಾಡಿಕೊಟ್ಟಿದ್ದು" ಅಂದರು. ಹಿತ್ತಲ ಆ ಕಡೆ ಮಕ್ಕಳು ಒಂದೇ ಹಾಡನ್ನು ಮೂರು ವೇಗದಲ್ಲಿ ಬಾರಿಸುತ್ತಿದ್ದರು. ಸ್ವಲ್ಪ ಹೊತ್ತು ಅದನ್ನು ಕೇಳಿಸಿಕೊಂಡರು. ಆಮೇಲೆ ಅಕ್ಕ ಅಳುತ್ತಿರುವುದು ಅವರ ಗಮನಕ್ಕೆ ಬಂತು. ಜೇಬಿನಿಂದ ಕರ್ಚೀಫು ತೆಗೆದುಕೊಟ್ಟರು.

"ಅಳಬೇಡಿ ಅಮ್ಮಾ. ಬೇಕರಿ ಅಂದ್ಮೇಲೆ ಏನಾದ್ರೂ ಒಂದು ಸೀಯತ್ತೆ. ನೀವು ಬೇಕೂಂತ ಮಾಡಿದ್ದಲ್ಲವಲ್ಲ." ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಒಂದು ಉಪಕಾರ ಮಾಡಿ. ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ. ಬೆಚ್ಚಗಿರಲಿ ಅಂತ ಓವನ್ ಹತ್ರ ಜಾಗ ಮಾಡಿಕೊಟ್ಟಿದ್ದು ಅವಳೇ. ತನ್ನಿಂದಾನೇ ಆಯ್ತು ಅಂದ್ಕೊಂಡ್ಬಿಡ್ತಾಳೆ. ತುಂಬ ಹಚ್ಕೋತಾಳೆ ಅವಳು."

ಅಕ್ಕ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡರು.

"ಹೇಳಲ್ಲ ತಾನೇ?"

"ಹೇಳಲ್ಲ" ಅಂದರು ಅಕ್ಕ.

ಕೇಕ್ ಕತ್ತರಿಸಲು ಮಕ್ಕಳಿಗೆ ಮನಸ್ಸು ಬರಲಿಲ್ಲ, ಬಿಸಿಲಿಗೆ ಮಾತ್ರ ಬಂತು. ತಂತಿಗಳು ಸಡಿಲವಾಗಿ ಜಾರತೊಡಗಿದವು. ಕೊನೆಗೆ ಅಕ್ಕನೇ ಚಾಕು ತೆಗೆದುಕೊಂಡು, ಕತ್ತನ್ನು ಬೇರೆ ಮಾಡಿ, ಹೊಟ್ಟೆಯನ್ನು ಸಮನಾಗಿ ಮೂವತ್ತು ತುಂಡು ಮಾಡಿದರು. ಸವೆದ ಜಾಗದ ತುಂಡನ್ನು ಮೇಷ್ಟ್ರಿಗೆ ಕೊಟ್ಟರು. ಅವರು ನಿಧಾನವಾಗಿ ತಿಂದು, "ಸಕ್ಕರೆ ಹದವಾಗಿ ಸುಟ್ಟಿದ್ದೀರಿ" ಎಂದು ಹೊಗಳಿದರು.

ವಾಪಸು ಬರುವಾಗ ಖಾಲಿ ಹಲಗೆಯನ್ನು ನಾನೊಬ್ಬನೇ ಹೊತ್ತಿದ್ದೆ. ಮೇಷ್ಟ್ರು ನಾಲ್ಕು ಹೆಜ್ಜೆ ಮುಂದೆ. ಏನಾದರೂ ಹೇಳಬೇಕೆನಿಸಿ, "ಕ್ಷಮಿಸಿದ್ರಲ್ಲ ಅಕ್ಕ" ಅಂದೆ.

"ಕ್ಷಮಿಸಿದ್ರು" ಅಂದರು. "ಬೇಕರಿಯಮ್ಮನ್ನ." ಬೇಕರಿಯ ಬಾಗಿಲಿಗೆ ಬಂದೆವು. ಕೀಲಿ ತಿರುಗಿಸುತ್ತ, "ಅವರ ಹೆಂಡ್ತಿಗೆ ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಇನ್ನು ಅವರು ನನ್ನ ಗುರುತು ಹಿಡಿದ್ರೂ ಬಾಯಿ ಬಿಡೋ ಹಾಗಿಲ್ಲ" ಅಂದರು.

ಮಾರನೇ ದಿನ ಒಂಬತ್ತಕ್ಕೆ ಮೇಷ್ಟ್ರು ಚಹಾ ಕುಡಿದು ಲೋಟ ಕೆಳಗಿಟ್ಟರು. ಅಕ್ಕ ನಾದುತ್ತಿದ್ದ ಹಿಟ್ಟನ್ನು ಬಿಟ್ಟು ಕಾದರು. ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಪ್ರಶ್ನೆ ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಒಂದು ವರ್ಷವಾಗುತ್ತ ಬಂತು, ಪಿಟೀಲಿನ ಮಾತು ಅವರ ಬಾಯಲ್ಲಿ ಮತ್ತೆ ಬಂದಿಲ್ಲ. ಹೆಂಡತಿ ಬಂದಳೇ ಎಂದು ಕೇಳುವುದೂ ಈಚೆಗೆ ನಿಂತಿದೆ.

ಬೆಳಿಗ್ಗೆ ನಾನು ಬ್ರೆಡ್ಡಿಗೆ ಬೇಗ ಇಳಿದ ದಿನ ಅಕ್ಕ ಓವನ್ ಹಚ್ಚುವುದು ಕಾಣುತ್ತದೆ. ಹಲಗೆಯ ಮೇಲೆ ಪೆಟ್ಟಿಗೆ ಇನ್ನೂ ಇದೆ, ಒಳಗೆ ಬಟರ್ ಪೇಪರಿನ ಪಿಟೀಲು. ಈಗ ಅಕ್ಕ ಅತ್ತ ತಲೆಯೆತ್ತಿ ನೋಡುವುದಿಲ್ಲ. ಓವನ್ ಬಾಗಿಲು ತೆರೆದು, ಮೊಣಕಾಲೂರಿ ಕೂತು, ಭುಜದವರೆಗೆ ಕೈ ಒಳಗೆ ಹಾಕಿ, ಹಿಂದಿನ ಮೂಲೆಗಳನ್ನು ತಡಕುತ್ತಾರೆ. ಕೈ ಹೊರಗೆ ತೆಗೆದು ನೋಡಿಕೊಳ್ಳುತ್ತಾರೆ, ಮಸಿ ಬಿಟ್ಟರೆ ಏನೂ ಇರುವುದಿಲ್ಲ. ಇನ್ನೊಂದು ಸಲ ಕೈ ಹಾಕಿ ನೋಡಿ, ಆಮೇಲೆ ಗ್ಯಾಸ್ ಹಚ್ಚುತ್ತಾರೆ.